ನೂರರ ಪ್ಲಾನಿಗೆ ಹನ್ನೊಂದರ ವೇಗ: ಪರದೆಯ ಅಂಕಿ ಓದಿ ಇಂಟರ್ನೆಟ್ ದೋಷ ಹಿಡಿಯುವುದು

"ರೀ ಅಣ್ಣಾರ, ನೂರರ ಪ್ಲಾನಿಗೆ ರೊಕ್ಕ ತಗೊಂಡು ಹನ್ನೊಂದು ಕೊಡಾಕತ್ತಾರ್ರಿ. ಇದು ಹಾಡಹಗಲ ದರೋಡೆ ಅಲ್ಲೇನ್ರಿ?"

ಬಾಗಲಕೋಟೆಯ ನವನಗರದಲ್ಲಿ ರೌಟರ್, ಲ್ಯಾನ್ ಕೇಬಲ್, ಸಿಸಿಟಿವಿ ಕೆಲಸ ಮಾಡಿಕೊಂಡಿರುವ ನನಗೆ ವಾರಕ್ಕೆ ಒಂದಾದರೂ ಇಂಥ ಫೋನ್ ಬರುತ್ತದೆ. ಈ ಸಲ ಮಾಡಿದವರು ಝೆರಾಕ್ಸ್ ಅಂಗಡಿ ನಡೆಸುವ ಒಬ್ಬ ಅಕ್ಕಾರು. ಕೇಬಲ್ ಹುಡುಗನ ಜೊತೆ ಒಂದು ಸುತ್ತು ಜಗಳ ಆಗಲೇ ಮುಗಿದಿತ್ತು. ನಾನು ಕೇಳಿದ್ದು ಒಂದೇ ಮಾತು: "ಅಕ್ಕಾರ, ಹನ್ನೊಂದರ ಮುಂದ ಬರೆದದ್ದು ನೋಡ್ರಿ. ಇಂಗ್ಲಿಷಿನ ಬಿ ಸಣ್ಣದೈತೋ ದೊಡ್ಡದೈತೋ?"

ದೊಡ್ಡದಿತ್ತು. ಅವರ ಲೈನಿನಲ್ಲಿ ಯಾವ ದೋಷವೂ ಇರಲಿಲ್ಲ. ಹುಡುಗ ತಿಂದ ಬೈಗುಳ ಮಾತ್ರ ವಾಪಸ್ ಬರುವಂಥದ್ದಲ್ಲ.

ಸಣ್ಣ ಬಿ ಅಂದರೆ ಬಿಟ್, ದೊಡ್ಡ ಬಿ ಅಂದರೆ ಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಂಟರ್ನೆಟ್ ಮಾರುವವರು ಬಿಟ್‌ನಲ್ಲಿ ಮಾರುತ್ತಾರೆ, ಫೈಲ್ ಇಳಿಸಿಕೊಡುವ ತಂತ್ರಾಂಶಗಳು ಬೈಟ್‌ನಲ್ಲಿ ಅಳೆಯುತ್ತವೆ. ನಮಗೆ ಇನ್ನೊಂದು ತೊಡಕು ಬೇರೆ ಇದೆ. ಕನ್ನಡದಲ್ಲಿ ಸಣ್ಣಕ್ಷರ ದೊಡ್ಡಕ್ಷರ ಇಲ್ಲ. ಬಾಯಲ್ಲಿ ಹೇಳಿದರೂ 'ಎಂಬಿ', ವಾಟ್ಸ್‌ಆ್ಯಪ್‌ನಲ್ಲಿ ಕನ್ನಡದಲ್ಲಿ ಬರೆದರೂ 'ಎಂಬಿ'. ಎಂಟು ಪಟ್ಟು ವ್ಯತ್ಯಾಸ ಆ ಎರಡಕ್ಷರದೊಳಗೆ ಮುಚ್ಚಿಹೋಗುತ್ತದೆ. ಹಾಗಾಗಿ ಇಲ್ಲಿ ಎಲ್ಲಾ ಕಡೆ ಮೆಗಾಬಿಟ್, ಮೆಗಾಬೈಟ್ ಎಂದೇ ಬಿಡಿಸಿ ಬರೆದಿದ್ದೇನೆ. ದೂರು ಹೇಳುವಾಗ ನೀವೂ ಹಾಗೇ ಹೇಳಿ.

ವೇಗದ ದೂರು ಬಂದರೆ ನಾನು ಚೀಲದಿಂದ ಟೆಸ್ಟರ್ ತೆಗೆಯುವ ಮೊದಲು ಅಂಕಿ ಕೇಳುತ್ತೇನೆ. 11, 94, 72, 8: ಇವು ನನಗೆ ಗುರುತಿನ ಮುಖಗಳು. ಅಂಕಿ ಎಷ್ಟು, ಯಾವ ಅಳತೆಯಲ್ಲಿದೆ ಎಂದು ಗೊತ್ತಾದರೆ ಎಷ್ಟೋ ಸಲ ಮನೆಗೆ ಹೋಗುವುದೇ ಬೇಕಾಗುವುದಿಲ್ಲ. ಆ ಅಂಕಿಗಳನ್ನೇ ಹಿಡಿದುಕೊಂಡು, ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡೋಣ.

"ನೂರರ ಪ್ಲಾನು, ಡೌನ್‌ಲೋಡ್ ಹನ್ನೊಂದೇ ತೋರಿಸುತ್ತದೆ"

ಪ್ಲಾನಿನ ಅಂಕಿಯನ್ನು 8ರಿಂದ ಭಾಗಿಸಿ. 100 ಮೆಗಾಬಿಟ್ ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್. 40ರ ಪ್ಲಾನಿಗೆ 5, 50ಕ್ಕೆ 6.25, 200ಕ್ಕೆ 25, 300ಕ್ಕೆ 37.5, ಸಾವಿರಕ್ಕೆ 125. ಇದು ಕಾಗದದ ಮೇಲಿನ ಲೆಕ್ಕ.

ಪರದೆಯ ಮೇಲೆ ಇದಕ್ಕಿಂತ ತುಸು ಕಡಿಮೆಯೇ ಕಾಣುತ್ತದೆ. ಹಾಗಾಗಿ ನಾನು ಗಿರಾಕಿಗಳಿಗೆ ಹೇಳಿಕೊಡುವುದು 8 ಅಲ್ಲ, 9. ನೂರನ್ನು 9ರಿಂದ ಭಾಗಿಸಿದರೆ 11.1. ಅಕ್ಕಾರ ವಿಂಡೋಸ್ ಪರದೆಯಲ್ಲಿ ಕಂಡದ್ದು 11.2. ತಿರುಗಾ ಮುರುಗಾ ಮಾಡಿದರೂ ಸರಿ: ಡೌನ್‌ಲೋಡ್ ಆಗುವಾಗ ಕಂಡ ಮೆಗಾಬೈಟ್ ಅಂಕಿಯನ್ನು 9ರಿಂದ ಗುಣಿಸಿದರೆ ಹೆಚ್ಚುಕಡಿಮೆ ನಿಮ್ಮ ಪ್ಲಾನಿನ ಅಂಕಿ ಬರಬೇಕು. ಬಂದರೆ ಲೈನು ಸರಿ ಇದೆ, ಇಲ್ಲಿಗೇ ನಿಲ್ಲಿಸಿ. ಯಾರನ್ನೂ ಕರೆಸಬೇಡಿ, ಏನನ್ನೂ ಕೊಳ್ಳಬೇಡಿ.

ಯಾವ ಪರದೆ ಯಾವ ಅಳತೆ ತೋರಿಸುತ್ತದೆ ಎನ್ನುವುದನ್ನು ಒಮ್ಮೆ ನೋಡಿಟ್ಟುಕೊಳ್ಳಬೇಕು. ಸ್ಪೀಡ್ ಟೆಸ್ಟ್ ಆ್ಯಪ್‌ಗಳು ಸಾಮಾನ್ಯವಾಗಿ ಮೆಗಾಬಿಟ್ ತೋರಿಸುತ್ತವೆ. ಬ್ರೌಸರಿನ ಡೌನ್‌ಲೋಡ್ ಪಟ್ಟಿ, ಪೆನ್‌ಡ್ರೈವ್‌ಗೆ ಕಾಪಿ ಮಾಡುವಾಗ ಬರುವ ಹಸಿರು ನಕ್ಷೆ ಮೆಗಾಬೈಟ್. ಫೋನಿನ ನೆತ್ತಿಯಲ್ಲಿ ಓಡುವ ಸಣ್ಣ ಅಂಕಿ ಹೆಚ್ಚಾಗಿ ಕಿಲೋಬೈಟ್. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ಅಲ್ಲಿ ಡಿಸ್ಕ್ ಕಾಲಂ ಮೆಗಾಬೈಟ್‌ನಲ್ಲಿದೆ, ಅದರ ಮಗ್ಗುಲಿನ ನೆಟ್‌ವರ್ಕ್ ಕಾಲಂ ಮೆಗಾಬಿಟ್‌ನಲ್ಲಿದೆ. ಒಂದೇ ಕಿಟಕಿ, ಪಕ್ಕಪಕ್ಕದ ಎರಡು ಕಾಲಂ, ಎರಡು ಅಳತೆ. ಇಂಥದ್ದನ್ನು ಮಾಡಿದವರ ಮೇಲೆ ನನಗೆ ಸಿಟ್ಟಿದೆ.

"ಎಂಟರಿಂದ ಭಾಗಿಸಿದರೂ ಅಂಕಿ ಕೂಡುವುದಿಲ್ಲ, ಒಂದೂಕಾಲು ಎಲ್ಲಿ ಹೋಯಿತು?"

12.5 ಬರಬೇಕಾದಲ್ಲಿ 11.2 ಬಂದರೆ ಯಾರೂ ಕದ್ದಿಲ್ಲ. ಎರಡು ಕಡೆ ಸೋರಿಕೆ ಇದೆ.

ಮೊದಲನೆಯದು ಸಾಗಾಣಿಕೆಯ ತೂಕ. ಕಬ್ಬಿನ ಗಾಡಿಯನ್ನು ಕಾರ್ಖಾನೆಯ ಕಾಟಾದ ಮೇಲೆ ನಿಲ್ಲಿಸಿದಾಗ ಟ್ರ್ಯಾಕ್ಟರು, ಡಬ್ಬಿ ಎಲ್ಲಾ ಸೇರಿ ತೂಗುತ್ತದಲ್ಲ, ಹಾಗೆ. ಇಂಟರ್ನೆಟ್‌ನಲ್ಲಿ ಫೈಲು ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತದೆ. ಮಾಮೂಲಿ ಲ್ಯಾನ್ ತಂತಿಯ ಮೇಲೆ ಒಂದೊಂದು ಪೊಟ್ಟಣಕ್ಕೆ 1538 ಬೈಟ್‌ನಷ್ಟು ಜಾಗ ಹೋಗುತ್ತದೆ. ಅದರಲ್ಲಿ ನಿಮ್ಮ ಫೈಲಿನ ಪಾಲು 1460. ಉಳಿದದ್ದು ವಿಳಾಸ, ತಪ್ಪು ಪತ್ತೆಯ ಲೆಕ್ಕ, ಎರಡು ಪೊಟ್ಟಣಗಳ ನಡುವಿನ ಖಾಲಿ ಜಾಗ. ನೂರಕ್ಕೆ 95ಕ್ಕಿಂತ ಸ್ವಲ್ಪ ಕೆಳಗೆ ಕೈಗೆ ಸಿಗುತ್ತದೆ.

ಎರಡನೆಯದು ತೊಲೆಯ ಜಗಳ. ಸರಾಫ ಬಜಾರದಲ್ಲಿ ಈಗ ಒಂದು ತೊಲೆ ಎಂದರೆ 10 ಗ್ರಾಂ. ಅಜ್ಜಿಯ ಕಾಲದ ತೊಲೆ 11.66 ಗ್ರಾಂ. ಹೆಸರು ಒಂದೇ, ತೂಕ ಎರಡು. ಮೆಗಾ ಎನ್ನುವ ಮಾತಿನದೂ ಅದೇ ಪಾಡು. ಇಂಟರ್ನೆಟ್ ವೇಗದಲ್ಲಿ ಮೆಗಾ ಅಂದರೆ 10 ಲಕ್ಷ. ವಿಂಡೋಸ್ ಒಂದು ಮೆಗಾಬೈಟ್ ಎನ್ನುವುದು 1024ನ್ನು 1024ರಿಂದ ಗುಣಿಸಿದ್ದಕ್ಕೆ, ಅಂದರೆ 10,48,576 ಬೈಟ್‌ಗೆ. ತೂಕದ ಕಲ್ಲು ದೊಡ್ಡದಾದರೆ ಅಂಕಿ ಸಣ್ಣದಾಗುತ್ತದೆ, ಅಷ್ಟೇ. ಈ ದೊಡ್ಡ ಕಲ್ಲಿಗೆ ಮೆಬಿಬೈಟ್ ಎಂದು ಬೇರೆ ಹೆಸರನ್ನು 1998ರಲ್ಲೇ ಇಟ್ಟಿದ್ದಾರೆ, ಬಳಸುವವರು ಕಡಿಮೆ. ಆ್ಯಪಲ್ ಕಂಪ್ಯೂಟರುಗಳು 2009ರಿಂದ 10 ಲಕ್ಷದ ಲೆಕ್ಕಕ್ಕೆ ಬಂದಿವೆ. ಹೀಗಾಗಿ ಒಂದೇ ಮನೆಯ ಒಂದೇ ಲೈನಿನಲ್ಲಿ ಮಗಳ ಮ್ಯಾಕ್‌ಬುಕ್ 11.8 ತೋರಿಸಿ ಅಪ್ಪನ ವಿಂಡೋಸ್ 11.2 ತೋರಿಸಬಹುದು. ಒಂದು ಟೆರಾಬೈಟ್ ಎಂದು ಕೊಂಡ ಹಾರ್ಡ್‌ಡಿಸ್ಕ್ ವಿಂಡೋಸಿನಲ್ಲಿ 931 ಗಿಗಾಬೈಟ್ ಕಾಣುವುದೂ ಇದೇ ಕಾರಣಕ್ಕೆ.

ಈ ಎರಡೂ ಸೇರಿಯೇ 8 ಇದ್ದದ್ದು 9ರ ಹತ್ತಿರ ಬರುವುದು.

"ಡೌನ್‌ಲೋಡ್ ನೂರು ಕಿಲೋಬೈಟ್ ಮೇಲೆ ಏಳುವುದೇ ಇಲ್ಲ, ಗೋಡೆಗೆ ಬಡಿದಂತೆ ನಿಲ್ಲುತ್ತದೆ"

ಲೈನು ಕೆಟ್ಟಾಗ ವೇಗ ಹಾರಾಡುತ್ತದೆ. ಯಾರೋ ಮಿತಿ ಹಾಕಿದ್ದರೆ ವೇಗ ಗೆರೆ ಎಳೆದಂತೆ ಒಂದೇ ಕಡೆ ನಿಲ್ಲುತ್ತದೆ. ಈ ಎರಡರ ಫರಕು ಗಮನಿಸಿ.

ಮೊಬೈಲಿನಲ್ಲಿ 8 ಕಿಲೋಬೈಟ್‌ಗೆ ನಿಂತಿದ್ದರೆ ದಿನದ ಡೇಟಾ ಮುಗಿದಿದೆ. ಹಲವು ಪ್ಲಾನ್‌ಗಳಲ್ಲಿ ಡೇಟಾ ಮುಗಿದ ಮೇಲೆ ವೇಗ 64 ಕಿಲೋಬಿಟ್‌ಗೆ ಇಳಿಯುತ್ತದೆ. 64 ಭಾಗಿಸು 8, ಬಂತಲ್ಲ ಎಂಟು. 'ಅನ್‌ಲಿಮಿಟೆಡ್' ಎಂಬ ಮಾತು ಸುಳ್ಳಲ್ಲ, ಆದರೆ ಆ ವೇಗದಲ್ಲಿ ಒಂದು ಗಿಗಾಬೈಟ್ ಇಳಿಸಲು ಸುಮಾರು 35 ತಾಸು ಬೇಕು.

ಮನೆಯ ಫೈಬರ್ ಲೈನಿನಲ್ಲಿ ತಿಂಗಳ ಕೊನೆಗೆ ವೇಗ 120, 240 ಅಥವಾ 480 ಕಿಲೋಬೈಟ್ ಆಸುಪಾಸಿಗೆ ಬಂದು ಕೂತರೆ, ಕ್ರಮವಾಗಿ 1, 2, 4 ಮೆಗಾಬಿಟ್‌ಗೆ ಇಳಿಸಿದ್ದಾರೆ ಎಂದರ್ಥ. ತಿಂಗಳ ಬಳಕೆಯ ಮಿತಿ ದಾಟಿದೆ. ಕಂಪನಿಯ ಆ್ಯಪ್‌ನಲ್ಲಿ ಎಷ್ಟು ಗಿಗಾಬೈಟ್ ಖರ್ಚಾಗಿದೆ ನೋಡಿ. ಇದನ್ನು ದೂರು ಕೊಟ್ಟು ಸರಿಪಡಿಸಲು ಬರುವುದಿಲ್ಲ. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2004ರಲ್ಲಿ 256 ಕಿಲೋಬಿಟ್ ಇತ್ತು, 2023ರಿಂದ 2 ಮೆಗಾಬಿಟ್ ಆಗಿದೆ. 2ಕ್ಕೆ ಇಳಿಸಿದವರೂ "ನಾವು ಕೊಟ್ಟಿದ್ದು ಬ್ರಾಡ್‌ಬ್ಯಾಂಡೇ" ಎಂದು ಎದೆ ತಟ್ಟಿ ಹೇಳಬಹುದು.

ಇನ್ನು ನನಗೆ ಇಷ್ಟವಾದ ದೋಷ. ನವನಗರದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಹುಡುಗರು ಸಿನಿಮಾ ಇಳಿಸಿ ಲೈನು ತಿನ್ನುತ್ತಾರೆಂದು ಮಾಸ್ತರು ತಾವೇ ರೌಟರಿನೊಳಗೆ ಹೋಗಿ ಮಿತಿ ಹಾಕಿದ್ದರು. ಒಬ್ಬೊಬ್ಬರಿಗೆ 10 ಸಾಕು ಎಂದು 10 ಎಂದೇ ಬರೆದಿದ್ದರು. ಮರುದಿನ ಯಾರ ಫೋನಿನಲ್ಲೂ ವಾಟ್ಸ್‌ಆ್ಯಪ್ ಫೋಟೋ ಕೂಡ ತೆರೆಯಲಿಲ್ಲ. ಅವರು ಬರೆದ ಖಾನೆಯ ಪಕ್ಕದಲ್ಲಿ ಸಣ್ಣದಾಗಿ ಕಿಲೋಬಿಟ್ ಎಂದಿತ್ತು. 10 ಮೆಗಾಬಿಟ್ ಬೇಕಿದ್ದರೆ 10,000 ಎಂದು ಬರೆಯಬೇಕಿತ್ತು. ಅವರು ಕೊಟ್ಟದ್ದು ಸೆಕೆಂಡಿಗೆ ಒಂದೂಕಾಲು ಕಿಲೋಬೈಟ್, ಹಳೇ ಡಯಲ್‌ಅಪ್‌ಗಿಂತಲೂ ಕಡೆ. ಮಾಸ್ತರು ಸಂಖ್ಯೆ ನೋಡಿ ಒಂದು ಗಳಿಗೆ ಸುಮ್ಮನಿದ್ದು, "ಇದನ್ನ ಹುಡುಗರಿಗೆ ಹೇಳಬ್ಯಾಡ್ರಿ" ಎಂದರು. ಅವರು ಕಲಿಸುತ್ತಿದ್ದದ್ದು ಗಣಿತ.

ದೊಡ್ಡ ಫೈಲು ಇಳಿಸಲು ಬಳಸುವ ಟೊರೆಂಟ್ ತಂತ್ರಾಂಶದ ಮಿತಿ ಖಾನೆಯಲ್ಲೂ ಇದೇ ಬಲೆ, ಅಲ್ಲಿ ಕಿಲೋಬೈಟ್ ಇರುತ್ತದೆ. ನೂರು ಎಂದು ಬರೆದರೆ 0.8 ಮೆಗಾಬಿಟ್‌ಗೆ ಕಟ್ಟಿಹಾಕಿದಂತೆ. ವೇಗ ಗೆರೆಯಂತೆ ನಿಂತಿದ್ದರೆ ಮೊದಲು ಇಂಥ ಖಾನೆಗಳನ್ನು ಹುಡುಕಿ, ಖರ್ಚಿಲ್ಲ.

"ಪ್ಲಾನು 200, ಟೆಸ್ಟಿನಲ್ಲಿ 94 ದಾಟುವುದಿಲ್ಲ"

94 ಕಂಡರೆ ನನಗೆ ಕಣ್ಣು ಮುಚ್ಚಿ ಹೇಳಲು ಬರುತ್ತದೆ. ಮೇಲೆ ಹೇಳಿದ ಸಾಗಾಣಿಕೆಯ ತೂಕ ಕಳೆದರೆ 100 ಮೆಗಾಬಿಟ್‌ನ ದಾರಿಯಲ್ಲಿ ಕೈಗೆ ಸಿಗುವುದು 94, 95. ಅಂದರೆ ರೌಟರಿನಿಂದ ಕಂಪ್ಯೂಟರಿನ ತನಕ ಎಲ್ಲೋ ಒಂದು ಕಡೆ ದಾರಿ ನೂರಕ್ಕೆ ಕಿರಿದಾಗಿದೆ. ಕಂಪನಿಯ ತಪ್ಪಲ್ಲ, ನಿಮ್ಮ ಮನೆಯೊಳಗಿನದು.

ವಿಂಡೋಸಿನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಈಥರ್ನೆಟ್ ತೆರೆದರೆ ಲಿಂಕ್ ಸ್ಪೀಡ್ ಎಂಬ ಸಾಲು ಸಿಗುತ್ತದೆ, ಕಂಪ್ಯೂಟರಿಗೂ ರೌಟರಿಗೂ ನಡುವಿನ ದಾರಿಯ ಅಗಲ ಅದು. ಅಲ್ಲಿ 1000 ಇದ್ದರೆ ದಾರಿ ಅಗಲವಾಗಿದೆ. 100 ಇದ್ದರೆ ಹೀಗೆ ಹುಡುಕಿ. ಮೊದಲು ಕೇಬಲ್ಲಿನ ಎರಡೂ ತುದಿ ಕಿತ್ತು, ಟಕ್ ಎಂದು ಸದ್ದು ಬರುವಂತೆ ಮತ್ತೆ ಕೂಡಿಸಿ. ಆಮೇಲೆ ರೌಟರಿನಲ್ಲಿ ಬೇರೆ ಪೋರ್ಟಿಗೆ ಹಾಕಿ ನೋಡಿ. ಕೆಲವು ಪೆಟ್ಟಿಗೆಗಳಲ್ಲಿ ಒಂದೇ ಪೋರ್ಟು ಸಾವಿರದ್ದು, ಉಳಿದವು ನೂರರವು. ಆಮೇಲೆ ಪಕ್ಕದ ಮನೆಯಿಂದಾದರೂ ಒಳ್ಳೆಯ ಕೇಬಲ್ ತಂದು ಬದಲಿಸಿ. ನನ್ನ ಅನುಭವದಲ್ಲಿ ಹೆಚ್ಚಿನ ಕೇಸು ಇಲ್ಲೇ ಮುಗಿಯುತ್ತವೆ.

ಕೇಬಲ್ ಯಾಕೆ ಹೀಗೆ ಮಾಡುತ್ತದೆ ಎಂದರೆ, ಒಳಗೆ ಎಂಟು ತಂತಿಗಳಿವೆ, ನಾಲ್ಕು ಜೋಡಿ. ನೂರರ ವೇಗಕ್ಕೆ ಕೇಸರಿ ಜೋಡಿ, ಹಸಿರು ಜೋಡಿ ಎರಡೇ ಸಾಕು. ಸಾವಿರಕ್ಕೆ ನೀಲಿ, ಕಂದು ಜೋಡಿಯೂ ಬೇಕು. ನೀಲಿಯ ಒಂದೇ ತಂತಿ ತುಂಡಾದರೂ ಇಂಟರ್ನೆಟ್ ನಿಲ್ಲುವುದಿಲ್ಲ, ಸದ್ದಿಲ್ಲದೆ ನೂರಕ್ಕೆ ಇಳಿದು ನಡೆಯುತ್ತಿರುತ್ತದೆ. ಹಾಗಾಗಿಯೇ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ, ಪ್ಲಾನು 200ಕ್ಕೆ ಏರಿಸಿದ ದಿನವೇ ಬಯಲಾಗುವುದು. ಜ್ಯಾಕನ್ನು ಬೆಳಕಿಗೆ ಹಿಡಿದು ನೋಡಿ. ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಎಂಟೂ ತಾಮ್ರದ ತುದಿ ಮುಂದಿನ ಗೋಡೆಗೆ ಮುಟ್ಟಿರಬೇಕು. ಕ್ಲಿಪ್ ಕಡೆಯನ್ನು ಕೆಳಗೆ ಮಾಡಿ ಎಡದಿಂದ ಎಣಿಸಿದರೆ ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಬರಬೇಕು. ಒಂದು ಹಿಂದೆ ಉಳಿದಿದ್ದರೆ ಕತ್ತರಿಸಿ ಹೊಸ ಜ್ಯಾಕ್ ಹೊಡೆಸಿ, ಅಂಗಡಿಯಲ್ಲಿ ಐದು ನಿಮಿಷದ ಕೆಲಸ.

ಇನ್ನೊಂದು ನಮ್ಮೂರಿನ ಜಾಣತನ ಇದೆ. ಹೊಸ ಕೇಬಲ್ ಎಳೆಯಲು ಬೇಸತ್ತು, ಒಂದೇ ಕೇಬಲ್ಲಿನ ನಾಲ್ಕು ತಂತಿ ಕಂಪ್ಯೂಟರಿಗೆ, ಉಳಿದ ನಾಲ್ಕು ಕ್ಯಾಮೆರಾಕ್ಕೆ ಕೊಟ್ಟಿರುತ್ತಾರೆ. ಎರಡೂ ನಡೆಯುತ್ತವೆ, ಎರಡೂ ನೂರರಲ್ಲಿ. ನಾನೂ ಹಿಂದೆ ಇಂಥದ್ದು ಮಾಡಿದ್ದೇನೆ, ಸುಳ್ಳೇಕೆ ಹೇಳಲಿ.

ಕೇಬಲ್ ಗೋಡೆಯೊಳಗೆ ಕರೆಂಟಿನ ತಂತಿಯ ಜೊತೆ ಒಂದೇ ಪೈಪಿನಲ್ಲಿ ಹೋಗಿದ್ದರೆ ಎಳೆದಾಡಬೇಡಿ. ಸಿಪ್ಪೆ ಸುಲಿದ ಕರೆಂಟ್ ತಂತಿ ಒಳಗೆ ಇದ್ದರೆ ನಿಮಗೆ ಗೊತ್ತಾಗುವುದು ಕೈಗೆ ಬಡಿದ ಮೇಲೆ. ಇಲ್ಲಿ ಎಲೆಕ್ಟ್ರಿಷಿಯನ್‌ನನ್ನೇ ಕರೆಯಿರಿ.

"ವೈರಿನಲ್ಲಿ 150 ಬರುತ್ತದೆ, ಫೋನಿನ ವೈಫೈಯಲ್ಲಿ 40 ಮಾತ್ರ"

ಫೋನಿನ ವೈಫೈ ವಿವರ ತೆರೆದು ಲಿಂಕ್ ಸ್ಪೀಡ್ ನೋಡಿ. 72 ಎಂದಿದ್ದರೆ ಫೋನು 2.4 ಗಿಗಾಹರ್ಟ್ಸ್‌ನಲ್ಲಿ ಒಂದೇ ಆಂಟೆನಾದ ದಾರಿಯಲ್ಲಿದೆ. ವೈಫೈಯ ಲಿಂಕ್ ಸ್ಪೀಡ್ ಎನ್ನುವುದು ಗಾಳಿಯಲ್ಲಿನ ಒಟ್ಟು ವೇಗ. ಎಲ್ಲರೂ ಸರದಿಯ ಮೇಲೆ ಮಾತಾಡಬೇಕು, ಪ್ರತಿ ಪೊಟ್ಟಣಕ್ಕೂ ತಲುಪಿತೆಂಬ ಉತ್ತರ ಬರಬೇಕು. ಅದರಲ್ಲಿ ಅರ್ಧ, ಅರ್ಧಕ್ಕಿಂತ ತುಸು ಹೆಚ್ಚು ಕೈಗೆ ಬಂದರೆ ಅದೇ ದೊಡ್ಡದು. 72ರ ಅರ್ಧ 36. ನೀವು ಕಂಡ 40 ಸರಿಯಾಗೇ ಇದೆ.

ರೌಟರಿನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಅದರ ಹೆಸರು ಹುಡುಕಿ ಕೂಡಿಕೊಳ್ಳಿ. ಲಿಂಕ್ ಸ್ಪೀಡ್ 433 ಅಥವಾ 866 ಆದರೆ ಸಮಸ್ಯೆ ಮುಗಿಯಿತು. 5ರ ಅಲೆಗಳಿಗೆ ಗೋಡೆ ಅಂದರೆ ಆಗುವುದಿಲ್ಲ. ಜಮಖಂಡಿ, ಮುಧೋಳದ ಹಳೇ ವಾಡೆಗಳಲ್ಲಿ ಮೊಳ ದಪ್ಪದ ಕಲ್ಲುಗೋಡೆ ಇರುತ್ತದೆ, ಒಂದು ಗೋಡೆ ದಾಟುವಷ್ಟರಲ್ಲಿ ಅದರ ಉಸಿರು ಹೋಗಿರುತ್ತದೆ. ಅಂಥಲ್ಲಿ ರೌಟರನ್ನೇ ನಡುಮನೆಗೆ ತನ್ನಿ. ಕಬ್ಬಿಣದ ತಿಜೋರಿಯ ಹಿಂದೆ, ಟಿವಿಯ ಬೆನ್ನಿಗೆ, ದೇವರ ಜಗುಲಿಯ ಕೆಳಗಿನ ಗೂಡಿನಲ್ಲಿ ಇಟ್ಟರೆ ಯಾವ ಪ್ಲಾನು ತಗೊಂಡರೂ ಅಷ್ಟೇ. ಬೇಸಿಗೆಯಲ್ಲಿ ಮುಚ್ಚಿದ ಗೂಡಿನೊಳಗೆ ಕಾದ ರೌಟರ್ ತಾನೇ ಆರಿ ತಾನೇ ಹತ್ತುವುದನ್ನೂ ನೋಡಿದ್ದೇನೆ. ಗಾಳಿಯಾಡುವ ಕಡೆ ಇಡಿ, ಅದರ ಮೇಲೆ ಬಟ್ಟೆ ಹೊದಿಸಬೇಡಿ. ಅಡಾಪ್ಟರ್ ಕರಗಿದ ವಾಸನೆ ಬಂದರೆ ಗೋಡೆಯ ಸ್ವಿಚ್ ಆರಿಸಿದ ಮೇಲೆಯೇ ಕೈ ಹಚ್ಚಿ, ಅದೇ ವೋಲ್ಟು, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ ಬೇರೆ ಅಡಾಪ್ಟರ್ ತನ್ನಿ.

"ನೋಡಲು ಚಲೋ ಐತಿ, ಕಳಿಸಲು ಆಗುವುದಿಲ್ಲ"

ಮದುವೆ ಹಂಗಾಮಿನಲ್ಲಿ ಫೋಟೋ ಸ್ಟುಡಿಯೋದವರ ದೂರು ಇದು. ಆಲ್ಬಮ್ಮಿನ ಫೋಟೋ ಬೆಳಗಾವಿ ಅಥವಾ ಹುಬ್ಬಳ್ಳಿಯ ಲ್ಯಾಬಿಗೆ ಕಳಿಸಬೇಕು, ರಾತ್ರಿಯಿಡೀ ಕೂತರೂ ಹೋಗುವುದಿಲ್ಲ. ಸ್ಪೀಡ್ ಟೆಸ್ಟಿನಲ್ಲಿ ಎರಡು ಅಂಕಿ ಇರುತ್ತವೆ, ನಾವು ಮೊದಲಿನದನ್ನಷ್ಟೇ ನೋಡುತ್ತೇವೆ. ಕಳಿಸುವ ಕೆಲಸಕ್ಕೆ ಎರಡನೆಯದು, ಅಪ್‌ಲೋಡ್ ಮುಖ್ಯ.

ಲೆಕ್ಕ ಹಾಕಿ. 20 ಗಿಗಾಬೈಟ್ ಫೋಟೋಗಳನ್ನು 8ರಿಂದ ಗುಣಿಸಿದರೆ 160 ಗಿಗಾಬಿಟ್, ಅಂದರೆ 1,60,000 ಮೆಗಾಬಿಟ್. ಅಪ್‌ಲೋಡ್ 20 ಮೆಗಾಬಿಟ್ ಇದ್ದರೆ 8,000 ಸೆಕೆಂಡು, ಎರಡು ತಾಸು ಹದಿಮೂರು ನಿಮಿಷ. ಸಾಗಾಣಿಕೆಯ ತೂಕ ಸೇರಿಸಿ ಎರಡೂವರೆ ತಾಸು ಎನ್ನಿ. ಅಪ್‌ಲೋಡ್ 2 ಇದ್ದರೆ ಇಡೀ ಒಂದು ದಿನ. ನಿಮ್ಮ ಲೆಕ್ಕಕ್ಕೂ ನಿಜವಾಗಿ ಹಿಡಿದ ಸಮಯಕ್ಕೂ ಹೊಂದಿಕೆಯಾದರೆ ದೋಷವಿಲ್ಲ, ಪ್ಲಾನು ಸಾಲದು ಅಷ್ಟೇ. ಬಸ್ಸಿನಲ್ಲಿ ಪೆನ್‌ಡ್ರೈವ್ ಕೊಟ್ಟು ಕಳಿಸುವುದು ಇನ್ನೂ ಬೇಗ ಮುಟ್ಟುತ್ತದೆ, ತಮಾಷೆಗೆ ಹೇಳುತ್ತಿಲ್ಲ.

ಕ್ಯಾಮೆರಾ ಹಾಕಿಸಿದ ಮೇಲೆ ಇಡೀ ಮನೆಯ ಇಂಟರ್ನೆಟ್ ಕುಂಟಿದರೆ ಅದೂ ಇದೇ ಜಾತಿ. ಕ್ಯಾಮೆರಾದ ಚಿತ್ರ ಉಳಿಸಿಡುವ ಪೆಟ್ಟಿಗೆ, ಅಂದರೆ ಡಿವಿಆರ್‌ನ ಸೆಟ್ಟಿಂಗಿನಲ್ಲಿ ಬಿಟ್‌ರೇಟ್ 4096 ಎಂದಿರುತ್ತದೆ. ಅದು ಕಿಲೋಬಿಟ್, ಒಂದು ಕ್ಯಾಮೆರಾಕ್ಕೆ 4 ಮೆಗಾಬಿಟ್. ನಾಲ್ಕು ಕ್ಯಾಮೆರಾ ಫೋನಿನಲ್ಲಿ ಒಟ್ಟಿಗೆ ತೆರೆದರೆ 16. ಅಪ್‌ಲೋಡ್ 10 ಇದ್ದ ಲೈನು ತುಂಬಿ ಹರಿಯುತ್ತದೆ, ಹಿಂದೆಯೇ ಡೌನ್‌ಲೋಡೂ ಎಡವುತ್ತದೆ. ಫೋನಿನಲ್ಲಿ ನೋಡಲು ಸಬ್ ಸ್ಟ್ರೀಮ್, ಅಂದರೆ ಅದೇ ಚಿತ್ರದ ಕಡಿಮೆ ಸ್ಪಷ್ಟತೆಯ ರೂಪ ಆರಿಸಿ, ಹಗುರಾಗುತ್ತದೆ.

ಇದೇ 4 ಮೆಗಾಬಿಟ್ಟನ್ನು ಡಿಸ್ಕಿನ ಲೆಕ್ಕಕ್ಕೂ ತನ್ನಿ. ಸೆಕೆಂಡಿಗೆ ಅರ್ಧ ಮೆಗಾಬೈಟ್, ದಿನಕ್ಕೆ 86,400 ಸೆಕೆಂಡು, ಒಂದು ಕ್ಯಾಮೆರಾಕ್ಕೆ ದಿನಕ್ಕೆ 43.2 ಗಿಗಾಬೈಟ್. ನಾಲ್ಕು ಕ್ಯಾಮೆರಾ ಹಗಲು ರಾತ್ರಿ ಓಡಿದರೆ ಒಂದು ಟೆರಾಬೈಟ್ ಡಿಸ್ಕು ಆರು ದಿನವೂ ತಡೆಯುವುದಿಲ್ಲ. "ತಿಂಗಳದ ರೆಕಾರ್ಡಿಂಗ್ ಇರತೈತಿ ಅಂದಿದ್ರಿ, ಹೋದ ವಾರದ್ದೇ ಇಲ್ಲ" ಎಂಬ ದೂರಿನ ಬೇರು ಇಲ್ಲಿದೆ. ಡಿಸ್ಕ್ ಕೆಟ್ಟಿಲ್ಲ.

"ಹಗಲು ಓಡುತ್ತದೆ, ರಾತ್ರಿ ಎಂಟರ ಮೇಲೆ ತೆವಳುತ್ತದೆ"

ಮನೆಯ ಕೇಬಲ್ಲಿಗೆ ಗಡಿಯಾರ ಗೊತ್ತಿಲ್ಲ. ಹೊತ್ತು ನೋಡಿ ಕೆಡುವುದು ಹೊರಗಿನ ಲೈನು. ಫೈಬರಿನಲ್ಲಿ ಒಂದೇ ಎಳೆಯನ್ನು ಬೀದಿಯಲ್ಲಿ ಕವಲೊಡೆದು 32 ಅಥವಾ 64 ಮನೆಗಳಿಗೆ ಕೊಟ್ಟಿರುತ್ತಾರೆ. ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ ಅಷ್ಟೂ ಮನೆಗೆ ಸೇರಿ ಇಳಿಯುವ ವೇಗ ಸುಮಾರು 2,488 ಮೆಗಾಬಿಟ್, ಏರುವ ವೇಗ 1,244. ಅದಕ್ಕಿಂತ ಮೇಲಿನ ದಾರಿಯನ್ನು ಕಂಪನಿ ಎಷ್ಟು ಕೊಂಡಿದೆ ಎನ್ನುವುದು ಇನ್ನೂ ಮುಖ್ಯ. ಐಪಿಎಲ್ ರಾತ್ರಿ ಎಲ್ಲರೂ ಒಟ್ಟಿಗೆ ನೋಡಿದರೆ ಹಂಚಿ ತಿನ್ನಬೇಕು.

ಮೂರು ದಿನ ಬೆಳಗ್ಗೆ, ಮಧ್ಯಾಹ್ನ, ರಾತ್ರಿ 9ಕ್ಕೆ ವೈರಿನಲ್ಲೇ ಸ್ಪೀಡ್ ಟೆಸ್ಟ್ ಮಾಡಿ ಚಿತ್ರ ಉಳಿಸಿಕೊಳ್ಳಿ. ಟೆಸ್ಟ್ ಸರಿ ಬಂದು ಒಂದೇ ಒಂದು ಜಾಲತಾಣ ನಿಧಾನವಾದರೆ ತಪ್ಪು ಆ ಕಡೆಯದು. ವೇಗ ಪೂರ್ತಿ ಇದ್ದೂ ವಿಡಿಯೋ ಕರೆ ತುಂಡಾಗುತ್ತಿದ್ದರೆ ಪಿಂಗ್, ಅಂದರೆ ಕಳಿಸಿದ್ದಕ್ಕೆ ಉತ್ತರ ವಾಪಸ್ ಬರಲು ಹಿಡಿಯುವ ಹೊತ್ತು ನೋಡಿ. ಅದು ಮಿಲಿಸೆಕೆಂಡಿನಲ್ಲಿರುತ್ತದೆ, ಕಡಿಮೆ ಇದ್ದಷ್ಟು ಒಳ್ಳೆಯದು. ಅದನ್ನು 8ರಿಂದ ಭಾಗಿಸಬೇಡಿ, ಭಾಗಿಸಿದವರೂ ಇದ್ದಾರೆ.

"ವೇಗವೇ ಇಲ್ಲ, ಪೆಟ್ಟಿಗೆಯಲ್ಲಿ ಕೆಂಪು ದೀಪ"

ಎಲ್‌ಓಎಸ್ ಎಂದು ಬರೆದ ದೀಪ ಕೆಂಪಾಗಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ. ಇಲ್ಲಿ ಯಾವ ಲೆಕ್ಕವೂ ನಡೆಯುವುದಿಲ್ಲ. ಪೆಟ್ಟಿಗೆಯ ಸ್ವಿಚ್ ಒಮ್ಮೆ ಆರಿಸಿ ಹಾಕಿ. ಹಸಿರು ಅಥವಾ ನೀಲಿ ತುದಿಯ ತೆಳ್ಳನೆಯ ಫೈಬರ್ ಮೊಳೆಗೆ ಸುತ್ತಿಕೊಂಡಿದೆಯೇ, ಬಾಗಿಲ ಸಂದಿಯಲ್ಲಿ ಸಿಕ್ಕಿದೆಯೇ ನೋಡಿ ಸಡಿಲಿಸಿ. ಇಷ್ಟೇ ನಿಮ್ಮ ಕೆಲಸ, ಮುಂದಿನದು ಲೈನ್‌ಮನ್‌ನದು.

ಆತ ಮೀಟರಿನಲ್ಲಿ ಮೈನಸ್ 20, ಮೈನಸ್ 24 ಎಂದೇನೋ ಹೇಳುತ್ತಾನೆ. ಅದು ಡಿಬಿಎಂ, ಬೆಳಕಿನ ಬಲದ ಅಳತೆ. 3 ಕಡಿಮೆಯಾದರೆ ಬೆಳಕು ಅರ್ಧಕ್ಕೆ ಇಳಿದಂತೆ. ಬೆಳಕು ಅರ್ಧವಾದರೆ ವೇಗವೂ ಅರ್ಧವಾಗುತ್ತದೆ ಎಂದು ತಿಳಿಯಬೇಡಿ. ಮೈನಸ್ 18ರಲ್ಲೂ 24ರಲ್ಲೂ ವೇಗ ಒಂದೇ. ಮೈನಸ್ 27ರ ಆಸುಪಾಸಿಗೆ ಬಂದಾಗ ತಪ್ಪುಗಳು ಶುರುವಾಗಿ ಲೈನು ಹೋಗಿ ಬಂದು ಮಾಡುತ್ತದೆ. ಮೈನಸ್ 25ಕ್ಕಿಂತ ಕೆಳಗೆ, ಅಂದರೆ ಮೈನಸ್ 26, 27 ಎಂದರೆ ಜೋಡಣೆ ಮತ್ತೆ ಮಾಡಿಕೊಡಿ ಎಂದು ಹಠ ಹಿಡಿಯಿರಿ.

ಬಿಚ್ಚಿದ ಫೈಬರಿನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಇಣುಕಬೇಡಿ. ಒಳಗಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಾಣದಿದ್ದರೂ ಅದು ಲೇಸರ್. ಮುರಿದ ಫೈಬರಿನ ಚೂರು ಗಾಜಿನ ಕೂದಲಿನಂತೆ ಚರ್ಮಕ್ಕೆ ಹೊಗುತ್ತದೆ, ಮಕ್ಕಳ ಕೈಗೆ ಸಿಗದಂತೆ ಟೇಪಿನಲ್ಲಿ ಸುತ್ತಿ ಎಸೆಯಿರಿ.

ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆ ಕೆಂಪು ದೀಪದ ದೂರು ಹೆಚ್ಚು. ಎರಡು ಡಬ್ಬಿ ಕಟ್ಟಿಕೊಂಡು, ಎತ್ತರಕ್ಕೆ ಹೇರಿಕೊಂಡು ಹೊರಟ ಟ್ರ್ಯಾಕ್ಟರು ರಸ್ತೆಗೆ ಅಡ್ಡ ಕಟ್ಟಿದ ಫೈಬರನ್ನು ಕಬ್ಬಿನ ಸುಳಿಯಲ್ಲಿ ಸಿಕ್ಕಿಸಿಕೊಂಡು ಹೋಗಿಬಿಡುತ್ತದೆ. ಬಿದ್ದ ತಂತಿ ಎತ್ತಿ ಕಂಬಕ್ಕೆ ಕಟ್ಟಲು ಹೋಗಬೇಡಿ. ಅದು ಮೇಲೆಲ್ಲೋ ಕರೆಂಟಿನ ತಂತಿಗೆ ತಾಗಿರಬಹುದು, ಕೆಲವು ಫೈಬರ್ ಕೇಬಲ್ಲಿನ ಜೊತೆ ಉಕ್ಕಿನ ಎಳೆ ಇರುತ್ತದೆ. ವಿದ್ಯುತ್ ತಂತಿಯೂ ಜೋತಿದ್ದರೆ ದೂರ ನಿಂತು ಹೆಸ್ಕಾಂನ 1912ಕ್ಕೆ ಫೋನ್ ಮಾಡಿ. ಇನ್ನು ಬೇಸಿಗೆಯ ಕೊನೆಗೆ ಗುಡುಗು ಶುರುವಾದರೆ ರೌಟರಿನ ಅಡಾಪ್ಟರು, ಚಾವಣಿಯ ಕ್ಯಾಮೆರಾದಿಂದ ಬಂದ ಲ್ಯಾನ್ ಕೇಬಲ್ಲು ಎರಡನ್ನೂ ಸಿಡಿಲು ಹತ್ತಿರ ಬರುವ ಮೊದಲೇ ಕೀಳಬೇಕು. ತಲೆಯ ಮೇಲೆ ಗುಡುಗುತ್ತಿರುವಾಗ ಕೀಳಲು ಹೋಗುವುದು ಬೇಡ, ರೌಟರ್ ಹೋದರೆ ಹೋಗಲಿ.

ದೂರು ಕೊಡುವಾಗ

"ನೆಟ್ ಸ್ಲೋ ಐತ್ರಿ" ಎಂದರೆ ಆ ಕಡೆಯವರು ರೌಟರ್ ಆರಿಸಿ ಹಾಕಿ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅಳತೆ ಸಮೇತ ಬರೆಯಿರಿ. ಝೆರಾಕ್ಸ್ ಅಂಗಡಿಯ ಅಕ್ಕಾರಿಗೆ ಮಳೆಗಾಲದಲ್ಲಿ ನಿಜವಾಗಿಯೂ ಲೈನು ಕೆಟ್ಟಿತು. ಆಗ ಅವರು ಕಳಿಸಿದ್ದು ಹೀಗಿತ್ತು:

"ನನ್ನ ಪ್ಲಾನು 100 ಮೆಗಾಬಿಟ್. ಲ್ಯಾನ್ ಕೇಬಲ್ಲಿನಲ್ಲಿ ಲಿಂಕ್ 1000 ಇದೆ. ಮೂರು ದಿನದಿಂದ ರಾತ್ರಿ 9ಕ್ಕೆ ಟೆಸ್ಟ್‌ನಲ್ಲಿ 14 ಮೆಗಾಬಿಟ್, ಡೌನ್‌ಲೋಡಿನಲ್ಲಿ 1.6 ಮೆಗಾಬೈಟ್ ಬರುತ್ತಿದೆ. ಬೆಳಗ್ಗೆ 95 ಬರುತ್ತದೆ. ತಿಂಗಳ ಮಿತಿ ಮುಗಿದಿಲ್ಲ. ಚಿತ್ರಗಳು ಜೊತೆಗಿವೆ."

ಮರುದಿನ ಮಧ್ಯಾಹ್ನ ಲೈನ್‌ಮನ್ ಬಂದ. ಬಾರದಿದ್ದರೆ ದೂರಿನ ಡಾಕೆಟ್ ಸಂಖ್ಯೆ ಹಿಡಿದು ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು, ಸಂಖ್ಯೆ ಇಲ್ಲದೆ ಆ ಬಾಗಿಲು ತೆರೆಯುವುದಿಲ್ಲ. ಫೋನ್ ಇಡುವ ಮೊದಲೇ ಕೇಳಿ ಬರೆದುಕೊಳ್ಳಿ.